ಕಡಿಮೆ ದುಡ್ಡಿನ ಗೇಮಿಂಗ್ ಪಿಸಿ: ಯಾವುದಕ್ಕೆ ಈಗಲೇ ಖರ್ಚು ಮಾಡಬೇಕು, ಯಾವುದನ್ನು ಆಮೇಲೆ ನೋಡಿಕೊಳ್ಳಬಹುದು

ಗೇಮಿಂಗ್ ಪಿಸಿ ಜೋಡಿಸಲು ಹೊರಟವರು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ರೈಜೆನ್ 5 5600 ತಗೊಳ್ಳಲಾ, ಕೋರ್ ಐ5-12400ಎಫ್ ತಗೊಳ್ಳಲಾ? 3060 ಹಾಕಲಾ, 4060 ಹಾಕಲಾ?" ಮೊದಲ ಎರಡು ಎಎಂಡಿ ಮತ್ತು ಇಂಟೆಲ್ ಕಂಪನಿಗಳ ಪ್ರೊಸೆಸರ್ (ಪಿಸಿಯ ಲೆಕ್ಕ ಮಾಡುವ ಮುಖ್ಯ ಚಿಪ್), ಆಮೇಲಿನವು ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಭಾಗ). ಕೂಡಿಟ್ಟ ದುಡ್ಡು ಇಷ್ಟೇ, ಒಮ್ಮೆ ಖರ್ಚಾದರೆ ಮತ್ತೆ ಅಷ್ಟು ಸೇರಲು ಒಂದೆರಡು ವರ್ಷ ಬೇಕು, ಹಾಗಿರುವಾಗ ತಪ್ಪು ಆರಿಸಿಬಿಟ್ಟರೆ ಏನು ಗತಿ ಅನ್ನುವ ಅಳುಕು ಇದ್ದೇ ಇರುತ್ತದೆ. ನಾನು ತಿರುಗಿ ಕೇಳುವುದು ಮಾತ್ರ ಬೇರೆ. ಎಸ್‌ಎಂಪಿಎಸ್ (ಎಲ್ಲ ಭಾಗಕ್ಕೂ ಕರೆಂಟ್ ಹಂಚುವ ಡಬ್ಬಿ) ಯಾವುದು ನೋಡಿದ್ದೀರಿ? ಹೆಚ್ಚಿನವರ ಉತ್ತರ: "ಅದು ಕ್ಯಾಬಿನೆಟ್ ಜೊತೆಗೇ ಬರುತ್ತಲ್ಲ."

ಹಾಗಾಗಿ ಬಿಡಿಭಾಗಗಳ ಹೆಸರಿಗೆ ಹೋಗುವ ಮೊದಲು ಅಳೆಯುವುದು ಹೇಗೆ ಅಂತ ಹೇಳಿಬಿಡುತ್ತೇನೆ. ನಾನು ಪ್ರತಿ ಭಾಗಕ್ಕೂ ಮೂರು ಪ್ರಶ್ನೆ ಕೇಳುತ್ತೇನೆ. ಒಂದು, ನನ್ನ ಮಾನಿಟರ್‌ನಲ್ಲಿ, ನಾನು ಆಡುವ ಆಟದಲ್ಲಿ ಇದರಿಂದ ಕಣ್ಣಿಗೆ ಕಾಣುವ ಲಾಭ ಇದೆಯಾ? ಎರಡು, ಇದನ್ನು ಆಮೇಲೆ ಬದಲಾಯಿಸುವುದು ಸುಲಭವಾ, ಅಥವಾ ಇದನ್ನು ಬದಲಾಯಿಸಲು ಇನ್ನೆರಡು ಭಾಗ ಬಿಚ್ಚಿ ಎಸೆಯಬೇಕಾ? ಮೂರು, ಇದು ಕೆಟ್ಟರೆ ತಾನೊಂದೇ ಕೆಡುತ್ತದಾ, ಪಕ್ಕದವನ್ನೂ ಕೆಡಿಸುತ್ತದಾ?

ಕಡಿಮೆ ಬಜೆಟ್‌ನಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯ. ದುಡ್ಡು ಜಾಸ್ತಿ ಇರುವವರು ಎಲ್ಲವನ್ನೂ ಒಂದೇ ಸಲ ಚೆನ್ನಾಗಿ ಕೊಳ್ಳಬಹುದು. ನಾವು ಒಂದೊಂದಾಗಿ ಸುಧಾರಿಸಿಕೊಂಡು ಹೋಗಬೇಕು. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಲು ಹತ್ತು ನಿಮಿಷ ಸಾಕು, ಹಳೆಯದನ್ನು ಮಾರಿದರೆ ಒಂದಷ್ಟು ದುಡ್ಡೂ ವಾಪಸ್ ಬರುತ್ತದೆ. ಎಸ್‌ಎಸ್‌ಡಿ (ಆಟ, ಫೈಲ್ ಕೂಡಿಡುವ ಜಾಗ) ಇನ್ನೊಂದು ಸೇರಿಸಬಹುದು. ಆದರೆ ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಮುಖ್ಯ ಹಲಗೆ) ಬದಲಾಯಿಸುವುದು ಅಂದರೆ ಇಡೀ ಪಿಸಿಯನ್ನು ಮತ್ತೆ ಮೊದಲಿಂದ ಕಟ್ಟಿದ ಹಾಗೆ.

ಮೊದಲು ಮಾನಿಟರ್

ಹೆಚ್ಚಿನವರು ಇದನ್ನು ಕೊನೆಗೆ ಯೋಚಿಸುತ್ತಾರೆ. ನಾನು ಇಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. ನಿಮ್ಮಲ್ಲಿ ಇರುವುದು 1080ಪಿ (1920x1080 ಚುಕ್ಕೆಗಳ ಪರದೆ), 60 ಹರ್ಟ್ಸ್ ಮಾನಿಟರ್ ಆಗಿದ್ದರೆ, ಅದು ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸುತ್ತದೆ. ಕಾರ್ಡ್ 140 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಚಿತ್ರ) ಕೊಟ್ಟರೂ ನಿಮ್ಮ ಕಣ್ಣಿಗೆ ಸಿಗುವುದು 60. ಪ್ರತಿ ಚಿತ್ರ ಸುಮಾರು 16.7 ಮಿಲಿಸೆಕೆಂಡ್ ಪರದೆ ಮೇಲೆ ನಿಲ್ಲುತ್ತದೆ. 144 ಹರ್ಟ್ಸ್ ಮಾನಿಟರ್‌ನಲ್ಲಿ ಅದು 6.9 ಮಿಲಿಸೆಕೆಂಡ್. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2 ಥರದ ಆಟ ಆಡುವವರಿಗೆ ಈ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ, ಮೌಸ್ ತಿರುಗಿಸಿದ ತಕ್ಷಣ ಪರದೆ ಜೊತೆಗೇ ತಿರುಗುತ್ತದೆ. ಕಥೆ ಇರುವ, ನಿಧಾನವಾಗಿ ನೋಡುತ್ತಾ ಆಡುವ ದೊಡ್ಡ ಆಟಗಳನ್ನೇ ಇಷ್ಟಪಡುವವರಿಗೆ ಸ್ಥಿರವಾದ 60 ಎಫ್‌ಪಿಎಸ್ ಧಾರಾಳ ಸಾಕು.

ಇವೆರಡೂ ಬೇರೆ ಬೇರೆ ಪಿಸಿ ಬೇಡುತ್ತವೆ. ಸ್ಪರ್ಧೆಯ ಆಟಗಳಲ್ಲಿ ಸೆಟ್ಟಿಂಗ್ಸ್ ಕಡಿಮೆ ಇಟ್ಟು ಎಫ್‌ಪಿಎಸ್ ಏರಿಸುತ್ತೀರಿ, ಆಗ ಭಾರ ಬೀಳುವುದು ಪ್ರೊಸೆಸರ್ ಮೇಲೆ. ದೊಡ್ಡ ಚೆಂದದ ಆಟಗಳಲ್ಲಿ ಭಾರ ಗ್ರಾಫಿಕ್ಸ್ ಕಾರ್ಡ್ ಮೇಲೆ. ಈಗಿರುವ ಹಳೆ ಪಿಸಿಯಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಆಟದ ರೆಸಲ್ಯೂಶನ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಇಳಿಸಿ ನೋಡಿ. ಎಫ್‌ಪಿಎಸ್ ಏರಿದರೆ ಕಾರ್ಡ್ ಸಾಲುತ್ತಿರಲಿಲ್ಲ. ಅಲ್ಲೇ ನಿಂತಿದ್ದರೆ ಪ್ರೊಸೆಸರ್ ಸುಸ್ತಾಗಿದೆ ಅಂತ ಅರ್ಥ.

ಗ್ರಾಫಿಕ್ಸ್ ಕಾರ್ಡ್: ದುಡ್ಡಿನ ದೊಡ್ಡ ಪಾಲು ಇಲ್ಲಿಗೇ

ಮಾನಿಟರ್ ಬಿಟ್ಟು ಉಳಿದ ಪಿಸಿಗೆ ಇಟ್ಟ ದುಡ್ಡಿನಲ್ಲಿ ಸುಮಾರು 40% ಗ್ರಾಫಿಕ್ಸ್ ಕಾರ್ಡ್‌ಗೆ ಹೋದರೆ ನನ್ನ ಲೆಕ್ಕದಲ್ಲಿ ಸರಿ. ಅದಕ್ಕಿಂತ ತುಂಬಾ ಕಡಿಮೆಯಾದರೆ ಆಟ ಸೊರಗುತ್ತದೆ. ಅರ್ಧ ದಾಟಿದರೆ ಬೇರೆ ಎಲ್ಲೋ ಕೈ ಬಿಗಿ ಮಾಡಿರುತ್ತೀರಿ, ಅದು ಹೆಚ್ಚಾಗಿ ಎಸ್‌ಎಂಪಿಎಸ್‌ನಲ್ಲೇ ಆಗಿರುತ್ತದೆ.

ಈಗ ಹೆಸರುಗಳಿಗೆ ಬರೋಣ. ಆರ್‌ಎಕ್ಸ್ ಅಂದರೆ ಎಎಂಡಿ ಕಂಪನಿಯದ್ದು, ಆರ್‌ಟಿಎಕ್ಸ್, ಜಿಟಿಎಕ್ಸ್ ಅಂದರೆ ಎನ್ವಿಡಿಯಾದ್ದು. ಆರ್‌ಎಕ್ಸ್ 6600 ಬಂದದ್ದು 2021ರಲ್ಲಿ. 8 ಜಿಬಿ ಮೆಮೊರಿ, 132 ವಾಟ್ ಅಷ್ಟೇ ಬೇಕು. 1080ಪಿಗೆ ಇವತ್ತಿಗೂ ಕೊಟ್ಟ ದುಡ್ಡಿಗೆ ಮೋಸ ಇಲ್ಲದ ಕಾರ್ಡ್. ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವುದು) ಇದೆ ಅಂತ ಹೇಳಿಕೊಳ್ಳಲು ಇದೆ, ಅದನ್ನು ಆನ್ ಮಾಡಿದರೆ ಕುಸಿಯುತ್ತದೆ. ಹಾಗಂತ ಅದು ಇರುವುದು ವ್ಯರ್ಥ ಅಲ್ಲ. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್ ಥರದ ಹೊಸ ಆಟಗಳು ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲದ ಕಾರ್ಡ್‌ಗಳಲ್ಲಿ ನಡೆಯುವುದೇ ಇಲ್ಲ. ಹಾಗಾಗಿ ಇನ್ನೂ ಹಳೆಯ ಜಿಟಿಎಕ್ಸ್ 1660 ಸೂಪರ್ ಅಥವಾ ಆರ್‌ಎಕ್ಸ್ 580 ಅಗ್ಗಕ್ಕೆ ಸಿಕ್ಕಿತು ಅಂತ ಹೊಸ ಪಿಸಿಗೆ ಹಾಕುವ ಮುಂಚೆ ಯೋಚಿಸಿ.

ಆರ್‌ಟಿಎಕ್ಸ್ 3060 ಕೂಡ 2021ರದ್ದೇ, 170 ವಾಟ್. ಆಟದ ವೇಗದಲ್ಲಿ 6600ಗಿಂತ ಬಹಳ ಮುಂದೇನಿಲ್ಲ. ಇದರ ಬಲ ಎರಡು: 12 ಜಿಬಿ ಮೆಮೊರಿ, ಮತ್ತು ಎನ್ವಿಡಿಯಾದ ಸಾಫ್ಟ್‌ವೇರ್. ಆಟದ ಜೊತೆ ವಿಡಿಯೊ ಎಡಿಟಿಂಗ್, ಬ್ಲೆಂಡರ್‌ನಲ್ಲಿ 3ಡಿ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಎಚ್ಚರ ಇರಲಿ. ಇದೇ 3060 ಹೆಸರಿನಲ್ಲಿ 8 ಜಿಬಿಯ ಇನ್ನೊಂದು ಕಾರ್ಡ್ ಇದೆ. ಅದರಲ್ಲಿ ಕಡಿಮೆಯಾಗಿರುವುದು ಮೆಮೊರಿ ಮಾತ್ರ ಅಲ್ಲ. ಮೆಮೊರಿಯ ದಾರಿಯೇ 192 ಬಿಟ್‌ನಿಂದ 128 ಬಿಟ್‌ಗೆ ಇಳಿದಿದೆ, ವೇಗವೂ ಇಳಿದಿದೆ. ಬಾಕ್ಸ್ ಮೇಲಿನ ಹೆಸರು ಮಾತ್ರ ಅದೇ. 3050ರಲ್ಲೂ ಹೀಗೆಯೇ, 8 ಜಿಬಿಯದ್ದು ಬೇರೆ, 6 ಜಿಬಿಯದ್ದು ಬೇರೆ, 6 ಜಿಬಿಯದ್ದು ನಿಧಾನ. ಅಂಗಡಿಯಲ್ಲಾಗಲಿ, ಆನ್‌ಲೈನ್‌ನಲ್ಲಾಗಲಿ, ಪೂರ್ತಿ ಮಾಡೆಲ್ ನಂಬರ್ ಓದದೆ ದುಡ್ಡು ಕೊಡಬೇಡಿ.

ಆರ್‌ಟಿಎಕ್ಸ್ 4060 ಬಂದದ್ದು 2023ರಲ್ಲಿ, 3060ಗಿಂತ ಸರಾಸರಿ 15ರಿಂದ 20% ವೇಗ, ಕರೆಂಟ್ ಮಾತ್ರ 115 ವಾಟ್. ಕಾರ್ಡ್ ತಣ್ಣಗಿರುತ್ತದೆ, ಫ್ಯಾನ್ ಸದ್ದು ಇಲ್ಲ, ಸಣ್ಣ ಎಸ್‌ಎಂಪಿಎಸ್ ಸಾಕು. ಆದರೆ 8 ಜಿಬಿ. ಅದೇ ವರ್ಷದ ಆರ್‌ಎಕ್ಸ್ 7600 ಇದರ ಹತ್ತಿರ ಹತ್ತಿರವೇ ಓಡುತ್ತದೆ, ರೇ ಟ್ರೇಸಿಂಗ್‌ನಲ್ಲಿ ಹಿಂದೆ, 165 ವಾಟ್ ತಿನ್ನುತ್ತದೆ. ಇವೆರಡರಲ್ಲಿ ಯಾವುದು ಅಗ್ಗ ಸಿಗುತ್ತದೋ ಅದನ್ನು ತಗೊಳ್ಳಿ, ಬೆಲೆ ಒಂದೇ ಇದ್ದರೆ 4060.

ಇಂಟೆಲ್ ಆರ್ಕ್ ಬಿ580 ನಿಜಕ್ಕೂ ಆಸೆ ಹುಟ್ಟಿಸುವ ಕಾರ್ಡ್. 2024ರ ಡಿಸೆಂಬರ್‌ನಲ್ಲಿ ಬಂತು, 12 ಜಿಬಿ ಇದೆ, 1440ಪಿಯಲ್ಲೂ (1080ಪಿಗಿಂತ ಹೆಚ್ಚು ಚುಕ್ಕೆಗಳ ಪರದೆ) ಚೆನ್ನಾಗಿ ನಿಲ್ಲುತ್ತದೆ. ಆದರೆ ಇದಕ್ಕೆ ಎರಡು ಷರತ್ತು. ಮದರ್‌ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ತಲುಪುವ ಸೌಲಭ್ಯ) ಇರಲೇಬೇಕು, ಆನ್ ಆಗಿರಲೇಬೇಕು. ಮತ್ತೆ, ಪ್ರೊಸೆಸರ್ ಹಳೆಯದೋ ದುರ್ಬಲವೋ ಆಗಿದ್ದರೆ ಇದರ ಎಫ್‌ಪಿಎಸ್ ಬೇರೆ ಕಾರ್ಡ್‌ಗಳಿಗಿಂತ ಜಾಸ್ತಿ ಇಳಿಯುತ್ತದೆ, ಏಕೆಂದರೆ ಇದರ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಪ್ರೊಸೆಸರ್ ಮೇಲೆ ಹೆಚ್ಚು ಕೆಲಸ ಹೇರುತ್ತದೆ. ಹಳೇ ಪಿಸಿಗೆ ಹೊಸ ಕಾರ್ಡ್ ಹಾಕುವವರು ಇದನ್ನು ಬಿಟ್ಟುಬಿಡಿ. ಪೂರ್ತಿ ಹೊಸದಾಗಿ, ಹೊಸ ಪ್ರೊಸೆಸರ್ ಜೊತೆ ಕಟ್ಟುವವರು ಧೈರ್ಯವಾಗಿ ನೋಡಬಹುದು.

ಸ್ವಲ್ಪ ಜಾಸ್ತಿ ದುಡ್ಡು ಹೊಂದಿಸಬಲ್ಲವರಿಗೆ 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಇವೆ. 5060ರಲ್ಲಿ ಮತ್ತೆ 8 ಜಿಬಿಯೇ. 9060 ಎಕ್ಸ್‌ಟಿ 8 ಮತ್ತು 16 ಜಿಬಿ ಎರಡರಲ್ಲೂ ಬರುತ್ತದೆ. ಇನ್ನೊಂದೆರಡು ತಿಂಗಳು ಕಾದರೆ 16 ಜಿಬಿಯದ್ದು ಕೈಗೆ ಎಟಕುತ್ತದೆ ಅನ್ನುವ ಹಾಗಿದ್ದರೆ, ಕಾಯಿರಿ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಕಾರ್ಡ್ ಅದು.

ಈ 8 ಜಿಬಿ, 12 ಜಿಬಿ ವಿಷಯಕ್ಕೆ ಇಷ್ಟು ಗಲಾಟೆ ಯಾಕೆ ಅಂದರೆ, ಮೆಮೊರಿ ಸಾಲದೇ ಹೋದಾಗ ಎಫ್‌ಪಿಎಸ್ ಮೀಟರ್ ಅದನ್ನು ನೆಟ್ಟಗೆ ಹೇಳುವುದಿಲ್ಲ. ಸರಾಸರಿ 80 ಅಂತಲೇ ತೋರಿಸುತ್ತಿರುತ್ತದೆ. ಆದರೆ ಓಡುತ್ತಾ ಹೊಸ ಬೀದಿಗೆ ತಿರುಗಿದಾಗ ಎದುರಿನ ಗೋಡೆ ಒದ್ದೆ ಮಣ್ಣು ಮೆತ್ತಿದ ಹಾಗೆ ಮಸುಕಾಗಿ ಕಾಣುತ್ತದೆ, ಅರೆಕ್ಷಣ ಆಟ ಜಗ್ಗುತ್ತದೆ, ಆಮೇಲೆ ಇಟ್ಟಿಗೆಗಳ ಗೆರೆ ಮೂಡುತ್ತದೆ. ಕಾರ್ಡ್‌ನಲ್ಲಿ ಜಾಗ ಇಲ್ಲದೆ ಪಿಸಿಯ ರ‍್ಯಾಮ್‌ನಿಂದ ತಂದುಕೊಳ್ಳುತ್ತಿದೆ ಅಂತ ಅರ್ಥ. ಹೆಚ್ಚಿನ ಆಟಗಳಲ್ಲಿ ಟೆಕ್ಸ್ಚರ್ (ಗೋಡೆ, ನೆಲದ ಮೇಲ್ಮೈ ಚಿತ್ರ) ಸೆಟ್ಟಿಂಗನ್ನು ಅಲ್ಟ್ರಾದಿಂದ ಹೈಗೆ ಇಳಿಸಿದರೆ ಇದು ನಿಲ್ಲುತ್ತದೆ, 1080ಪಿಯಲ್ಲಿ ಆ ಇಳಿಕೆ ಕಣ್ಣಿಗೆ ಅಷ್ಟಾಗಿ ಕಾಣುವುದೂ ಇಲ್ಲ. ಹಾಗಾಗಿ 1080ಪಿಯಲ್ಲೇ ಇರುತ್ತೀರಿ, ಎರಡು ಮೂರು ವರ್ಷದಲ್ಲಿ ಕಾರ್ಡ್ ಮಾರಿ ಬೇರೆ ತಗೊಳ್ಳುತ್ತೀರಿ ಅಂದರೆ 8 ಜಿಬಿ ಸಾಕು. 1440ಪಿ ಮಾನಿಟರ್ ಕನಸು ಇದ್ದರೆ, ಅಥವಾ ಒಮ್ಮೆ ಹಾಕಿದರೆ ಐದು ವರ್ಷ ಮುಟ್ಟುವುದಿಲ್ಲ ಅಂದರೆ 12 ಅಥವಾ 16.

ಫ್ರೇಮ್ ಜನರೇಶನ್ ಬಗ್ಗೆ ಒಂದು ಮಾತು. ಎರಡು ನಿಜವಾದ ಚಿತ್ರಗಳ ನಡುವೆ ಕಾರ್ಡ್ ತಾನೇ ಒಂದು ಚಿತ್ರ ಸೇರಿಸಿ ಸಂಖ್ಯೆ ಏರಿಸುತ್ತದೆ. ಮೊದಲೇ 60ರ ಹತ್ತಿರ ಇದ್ದರೆ ಚೆನ್ನಾಗಿ ಕಾಣುತ್ತದೆ. 30 ಇದ್ದದ್ದನ್ನು 60 ಮಾಡಲು ಹೋದರೆ ನೋಡಲು ನಯ, ಆಡಲು ಭಾರ, ಏಕೆಂದರೆ ನಿಮ್ಮ ಮೌಸ್‌ಗೆ ಆಟ ಸ್ಪಂದಿಸುವುದು ಹಳೆಯ ವೇಗದಲ್ಲೇ. ಜಾಹೀರಾತಿನ ಪಟ್ಟಿಗಳಲ್ಲಿ ಈ ಸಂಖ್ಯೆ ಸೇರಿಸಿರುತ್ತಾರೆ. ಅದನ್ನು ಬಿಟ್ಟು ಲೆಕ್ಕ ನೋಡಿ.

ತಗೊಳ್ಳಲೇಬೇಡಿ ಅನ್ನುವುದು ಒಂದೇ ಒಂದು: ಆರ್‌ಎಕ್ಸ್ 6500 ಎಕ್ಸ್‌ಟಿಯ 4 ಜಿಬಿ ಕಾರ್ಡ್. ಅದಕ್ಕೆ ಮದರ್‌ಬೋರ್ಡ್ ಜೊತೆ ಮಾತಾಡಲು ಪಿಸಿಐಇಯ (ಕಾರ್ಡ್ ಮತ್ತು ಬೋರ್ಡ್ ನಡುವಿನ ಮಾಹಿತಿಯ ದಾರಿ) ನಾಲ್ಕೇ ಲೇನ್ ಇವೆ. ಹಳೆಯ ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಆ ಇಕ್ಕಟ್ಟು ಇನ್ನೂ ಜಾಸ್ತಿ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್: ಜೋಡಿಯಾಗಿಯೇ ನೋಡಿ

ಇವೆರಡನ್ನು ಬೇರೆ ಬೇರೆ ಆರಿಸಬಾರದು. ಪ್ರೊಸೆಸರ್ ಅಗ್ಗ ಸಿಕ್ಕಿ ಬೋರ್ಡ್ ದುಬಾರಿಯಾದರೆ ಉಳಿಸಿದ್ದು ಅಲ್ಲೇ ಹೋಯಿತು.

ರೈಜೆನ್ 5 5600 ಮತ್ತು ಐ5-12400ಎಫ್ ಎರಡೂ 2022ರ ಆಸುಪಾಸಿನವು, ಎರಡಕ್ಕೂ 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು). ಆಟದಲ್ಲಿ ಇವುಗಳ ನಡುವಿನ ಅಂತರ ಇಷ್ಟು ಕಡಿಮೆ ಎಂದರೆ, ಈ ಬೆಲೆಯ ಕಾರ್ಡ್‌ಗಳ ಜೊತೆ ಹಾಕಿದಾಗ ನಿಮಗೆ ಗೊತ್ತೇ ಆಗುವುದಿಲ್ಲ. ರಾತ್ರಿಯಿಡೀ ಕೂತು ಹೋಲಿಸುವ ವಿಷಯ ಇದಲ್ಲ. ಪ್ರೊಸೆಸರ್, ಬೋರ್ಡ್ ಎರಡೂ ಸೇರಿ ಯಾವುದು ಅಗ್ಗವೋ ಅದು. ಬೋರ್ಡ್ ಮಾತ್ರ ನೋಡಿ ಆರಿಸಿ: ಎಎಂಡಿಯಲ್ಲಿ ಬಿ550 ಸಿಕ್ಕರೆ ಪಿಸಿಐಇ 4.0 ಸಿಗುತ್ತದೆ, ಎ520ರಲ್ಲಿ ಸಿಗಲ್ಲ. ಇಂಟೆಲ್‌ನಲ್ಲಿ ಎಚ್610 ಅಗ್ಗ, ಆದರೆ ರ‍್ಯಾಮ್ ಜಾಗ ಎರಡೇ, ಮುಂದೆ ದೊಡ್ಡ ಪ್ರೊಸೆಸರ್ ಹಾಕಿದರೆ ಅಗ್ಗದ ಎಚ್610 ಬೋರ್ಡ್ ಬಿಸಿಯಾಗಿ ಏದುಸಿರು ಬಿಡುತ್ತದೆ. ಬಿ660 ಅಥವಾ ಬಿ760ಗೆ ಸ್ವಲ್ಪ ಜಾಸ್ತಿ ಕೊಡುವುದು ಒಳ್ಳೆಯದು.

ಹೆಸರಿನ ಮೋಸ ಇಲ್ಲೂ ಇದೆ. ರೈಜೆನ್ 5 5500 ಅಂದರೆ 5600ಗಿಂತ ಕೊಂಚ ಕಡಿಮೆ ಅಂತ ಅನಿಸುತ್ತದೆ ಅಲ್ವಾ? ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದ್ದರೆ 5500ರಲ್ಲಿ 16 ಎಂಬಿ, ಪಿಸಿಐಇ ಕೂಡ 3.0. ಆಟಗಳಿಗೆ ಕ್ಯಾಶ್ ಬಹಳ ಮುಖ್ಯ. ಬೆಲೆ ಅಂತರ ಚಿಕ್ಕದಾಗಿದ್ದರೆ 5600ಕ್ಕೇ ಹೋಗಿ.

ಐ3-12100ಎಫ್‌ಗೆ 4 ಕೋರ್, 8 ಥ್ರೆಡ್. ಬಹಳ ಬಿಗಿಯಾದ ಬಜೆಟ್‌ಗೆ ಅದು ಒಳ್ಳೆಯ ಪ್ರೊಸೆಸರೇ, ಸ್ಪರ್ಧೆಯ ಆಟಗಳನ್ನು ಚೆನ್ನಾಗಿ ಓಡಿಸುತ್ತದೆ. ಹಿಂದೆ ಡಿಸ್ಕಾರ್ಡ್, ಬ್ರೌಸರ್ ತೆರೆದಿಟ್ಟು ಹೊಸ ದೊಡ್ಡ ಆಟ ಆಡಿದರೆ ಅಲ್ಲಲ್ಲಿ ತಡವರಿಸುತ್ತದೆ. ಈಗ ಅದನ್ನು ಹಾಕಿ, ಮುಂದೆ ಅದೇ ಬೋರ್ಡ್‌ಗೆ 12ನೇ, 13ನೇ, 14ನೇ ತಲೆಮಾರಿನ ಬೇರೆ ಪ್ರೊಸೆಸರ್ ಕೂರಿಸಬಹುದು. ಆದರೆ 13, 14ನೇ ತಲೆಮಾರಿನ ಶಕ್ತಿಶಾಲಿ ಪ್ರೊಸೆಸರ್‌ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹುಷಾರು. ಹೆಚ್ಚಿನ ವೋಲ್ಟೇಜ್‌ನಿಂದ ಅವು ಹಾಳಾಗುವ ಸಮಸ್ಯೆ ಇದೆ ಅಂತ ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಮೂಲಕ ತಿದ್ದುಪಡಿ ಕೊಟ್ಟಿತು. ಅದಕ್ಕೂ ಮುಂಚೆ ಯಾರ ಕೈಯಲ್ಲಿ ಹೇಗೆ ಓಡಿತ್ತು ಅನ್ನುವುದು ನಿಮಗೆ ಗೊತ್ತಾಗಲ್ಲ.

5600 ಕೂರುವ ಎಎಂ4 ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ತನ್ನ ದಾರಿಯ ಕೊನೆಗೆ ಬಂದಿದೆ. 5600 ಹಾಕಿದರೆ ಮುಂದೆ 5700ಎಕ್ಸ್3ಡಿ ಥರದ್ದು ಸಿಕ್ಕರೆ ಹಾಕಬಹುದು, ಅದರಾಚೆ ಏನೂ ಇಲ್ಲ. ಎಎಂ5 ಸಾಕೆಟ್ 2022ರಲ್ಲಿ ಬಂತು, ಕನಿಷ್ಠ 2027ರವರೆಗೆ ಅದಕ್ಕೆ ಬೆಂಬಲ ಅಂತ ಎಎಂಡಿ ಹೇಳಿದೆ. ಅಲ್ಲಿ ರೈಜೆನ್ 5 7500ಎಫ್ ಅಥವಾ 7600 ಹಾಕಿದರೆ ಇವತ್ತೂ ವೇಗ ಜಾಸ್ತಿ, ನಾಳೆಗೂ ಜಾಗ ಇದೆ. ಅಡ್ಡಿ ಅಂದರೆ ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು, ಡಿಡಿಆರ್4 ಕೂರುವುದೇ ಇಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಒಮ್ಮೆಲೇ ಏರಿದ್ದನ್ನು ನೋಡಿದ್ದೀರಿ. ಆದ್ದರಿಂದ ನನ್ನ ಸಲಹೆ ಸರಳ. ಎಎಂ5 ಕಡೆ ಹೋದರೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕಾಗುತ್ತದಾ ನೋಡಿ. ಇಳಿಯಬೇಕಾದರೆ, ಆಮೇಲೆ ಒಂದೆರಡು ವರ್ಷದಲ್ಲಿ ಕಾರ್ಡ್ ಬದಲಾಯಿಸುವುದು ಖಂಡಿತ ಅಂತ ಇದ್ದರೆ ಮಾತ್ರ ಹೋಗಿ. ಒಮ್ಮೆ ಕಟ್ಟಿ ಹಾಗೇ ಬಿಡುವವರಿಗೆ 5600 ಅಥವಾ 12400ಎಫ್ ಹಾಕಿ, ಉಳಿದದ್ದನ್ನು ಕಾರ್ಡ್‌ಗೆ ಸೇರಿಸುವುದೇ ಲಾಭ.

ಇನ್ನೊಂದು ದಾರಿ ಇದೆ. ಈಗ ಕಾರ್ಡ್ ಕೊಳ್ಳಲು ದುಡ್ಡೇ ಇಲ್ಲ ಅನ್ನುವವರಿಗೆ ಒಳಗೇ ಗ್ರಾಫಿಕ್ಸ್ ಇರುವ ರೈಜೆನ್ 5 5600ಜಿ. ಸ್ಪರ್ಧೆಯ ಆಟಗಳನ್ನು 1080ಪಿಯಲ್ಲಿ ಲೋ ಸೆಟ್ಟಿಂಗ್ಸ್‌ನಲ್ಲಿ ಆಡಬಹುದು, ಆಮೇಲೆ ಕಾರ್ಡ್ ಸೇರಿಸಬಹುದು. ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಾಗಲಿ, ಸಾದಾ 5600ರಲ್ಲಾಗಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಬರುವುದೇ ಇಲ್ಲ. ಆದರೆ 5600ಜಿಯಲ್ಲೂ ಕ್ಯಾಶ್ 16 ಎಂಬಿ, ಪಿಸಿಐಇ 3.0. ಮೂರ್ನಾಲ್ಕು ತಿಂಗಳಲ್ಲಿ ಕಾರ್ಡ್ ಬರುತ್ತದೆ ಅಂತ ಇದ್ದರೆ, ಕಾದು 5600 ಕೊಳ್ಳುವುದೇ ವಾಸಿ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

ರ‍್ಯಾಮ್ (ಆಟ ನಡೆಯುವಾಗ ಪಿಸಿ ಬಳಸುವ ಮೆಮೊರಿ) 16 ಜಿಬಿ, ಎರಡು ಕಡ್ಡಿಯಾಗಿ, 8 ಮತ್ತು 8. "ಈಗ ಒಂದೇ 16 ಹಾಕ್ತೀನಿ, ಆಮೇಲೆ ಇನ್ನೊಂದು ಸೇರಿಸ್ತೀನಿ" ಅನ್ನುವುದು ಬುದ್ಧಿವಂತಿಕೆ ಥರ ಕಾಣುತ್ತದೆ. ನನ್ನ ತಮ್ಮ ಹಾಗೇ ಮಾಡಿದ. ಕಾರ್ಡ್ ಚೆನ್ನಾಗಿತ್ತು, ಪ್ರೊಸೆಸರ್ ಚೆನ್ನಾಗಿತ್ತು, ಆದರೂ ಆಟದಲ್ಲಿ ಕಾರು ಓಡಿಸುತ್ತಾ ಪ್ರತಿ ತಿರುವಿನಲ್ಲಿ ಒಂದು ಸಣ್ಣ ಜರ್ಕ್. ಅವನು ಕಾರ್ಡ್ ವಾಪಸ್ ಕೊಡುವ ಮಾತಾಡುತ್ತಿದ್ದ. ನನ್ನ ಪಿಸಿಯಿಂದ ಎರಡು 8 ಜಿಬಿ ಕಡ್ಡಿ ಕಿತ್ತು ಅವನ ಬೋರ್ಡ್‌ಗೆ ಹಾಕಿದೆವು. ಅದೇ ಆಟ, ಅದೇ ರಸ್ತೆ, ಅದೇ ತಿರುವು. ಅವನು ಏನೂ ಮಾತಾಡದೆ ಮೂರು ಸುತ್ತು ಓಡಿಸಿದ, ಜರ್ಕ್ ಬರಲೇ ಇಲ್ಲ. ಒಂದೇ ಕಡ್ಡಿ ಇದ್ದಾಗ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ದಾರಿ ಒಂದೇ, ಎರಡಿದ್ದಾಗ ಎರಡು. 5600ಜಿ ಥರದ ಪ್ರೊಸೆಸರ್ ಹಾಕುವವರಿಗಂತೂ ಇದು ಬಿಟ್ಟರೆ ಆಗುವುದೇ ಇಲ್ಲ, ಅದು ತನ್ನ ಗ್ರಾಫಿಕ್ಸ್‌ಗೂ ಇದೇ ರ‍್ಯಾಮನ್ನು ಬಳಸುತ್ತದೆ.

ನಾಲ್ಕು ಜಾಗ ಇರುವ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಜಾಗದಲ್ಲಿ ಕಡ್ಡಿ ಹಾಕಿ. ಡಿಡಿಆರ್4 ಆದರೆ 3200 ಅಥವಾ 3600 ವೇಗದ್ದು. ಲೈಟ್ ಮಿನುಗುವ ರ‍್ಯಾಮ್‌ಗೆ ಕೊಡುವ ಹೆಚ್ಚಿನ ದುಡ್ಡು ಆಟಕ್ಕೆ ಏನೂ ಕೊಡುವುದಿಲ್ಲ.

ಎಸ್‌ಎಸ್‌ಡಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಾದಾ ಪಿಸಿಐಇ 3.0 ಎನ್‌ವಿಎಂಇ ಬಗೆಯದ್ದು ಸಾಕು, ದುಬಾರಿ ವೇಗದವು ಆಟ ಲೋಡ್ ಆಗುವುದರಲ್ಲಿ ಒಂದೆರಡು ಸೆಕೆಂಡ್ ಉಳಿಸಬಹುದು ಅಷ್ಟೇ. ವೇಗಕ್ಕಿಂತ ಜಾಗ ನೋಡಿ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ. 1 ಟಿಬಿ ಒಳ್ಳೆಯದು. ಆಗದಿದ್ದರೆ 500 ಜಿಬಿ ಹಾಕಿ, ಬೋರ್ಡ್‌ನಲ್ಲಿ ಇನ್ನೊಂದು ಎಂ.2 ಜಾಗ (ಇಂಥ ಎಸ್‌ಎಸ್‌ಡಿ ಸಿಕ್ಕಿಸುವ ಕಿಂಡಿ) ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಎಸ್‌ಎಂಪಿಎಸ್: ಇಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ

ನನ್ನ ಮೊದಲ ಪಿಸಿಯಲ್ಲಿ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಇತ್ತು. ಮೇಲೆ ದಪ್ಪಕ್ಷರದಲ್ಲಿ 500 ವಾಟ್ ಅಂತ ಬರೆದಿತ್ತು. ವಿಂಡೋಸ್‌ನಲ್ಲಿ ಏನೂ ತೊಂದರೆ ಇಲ್ಲ, ಸಿನಿಮಾ ನೋಡಿದರೆ ತೊಂದರೆ ಇಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ, ಪರದೆ ಮೇಲೆ ಏನಾದರೂ ದೊಡ್ಡದು ಸಿಡಿದ ಕ್ಷಣಕ್ಕೆ, 'ಟಕ್' ಅಂತ ಸದ್ದು, ಪರದೆ ಕಪ್ಪು, ಫ್ಯಾನ್‌ಗಳು ನಿಧಾನವಾಗಿ ನಿಂತು ಮತ್ತೆ ತಾವೇ ತಿರುಗಲು ಶುರು. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿದೆ. ಕಾರ್ಡ್ ಕೆಟ್ಟಿದೆ ಅಂತ ಅದನ್ನು ಕೊಟ್ಟವರ ಜೊತೆ ವಾದ ಮಾಡಿದೆ. ಮೂರು ವಾರ ಆದ ಮೇಲೆ ಗೆಳೆಯನೊಬ್ಬ ತನ್ನ ಎಸ್‌ಎಂಪಿಎಸ್ ತಂದು ಹಾಕಿದ, ಅವತ್ತಿಗೆ ಆ ಸದ್ದು ನಿಂತಿತು.

ಆಮೇಲೆ ಹಳೆಯದರ ಪಕ್ಕದಲ್ಲಿ ಅಂಟಿಸಿದ್ದ ಚೀಟಿಯನ್ನು ಸರಿಯಾಗಿ ಓದಿದೆ. 12 ವೋಲ್ಟ್ ಅಂತ ಇರುವ ಕಡೆ 18 ಆಂಪಿಯರ್ ಅಂತ ಇತ್ತು. 12 ಗುಣಿಸು 18, ಅಂದರೆ 216 ವಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಕುಡಿಯುವುದು ಈ 12 ವೋಲ್ಟ್ ಸಾಲಿನಿಂದಲೇ. 500 ಅನ್ನುವುದು ಚೀಟಿಯ ಮೇಲಿತ್ತು, ಒಳಗೆ ಇರಲಿಲ್ಲ. ನೀವೂ ಕೊಳ್ಳುವ ಮುಂಚೆ ಇದೊಂದು ಗುಣಾಕಾರ ಮಾಡಿ. ಒಳ್ಳೆಯ 550 ವಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಸಾಲಿನ ಲೆಕ್ಕ 550ರ ಹತ್ತಿರವೇ ಬರುತ್ತದೆ.

ಎಷ್ಟು ವಾಟ್ ಬೇಕು? 5600 ಪ್ರೊಸೆಸರ್ ಜೋರಾಗಿ ಓಡುವಾಗ ಸುಮಾರು 76 ವಾಟ್, 4060 ಕಾರ್ಡ್ 115, ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ ಇನ್ನೊಂದು 50. ಒಟ್ಟು 250ರ ಒಳಗೇ ಆಯಿತು. ಆದರೂ 550 ತಗೊಳ್ಳಿ ಅನ್ನುವುದು ಯಾಕೆ ಅಂದರೆ, ಕಾರ್ಡ್‌ಗಳು ಕ್ಷಣಮಾತ್ರ ಅದಕ್ಕಿಂತ ಬಹಳ ಜಾಸ್ತಿ ಎಳೆಯುತ್ತವೆ, ಮತ್ತೆ ಮುಂದಿನ ಕಾರ್ಡ್‌ಗೂ ಇದೇ ಸಾಲಬೇಕು. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅಂತ ಹೇಳುತ್ತದೆಯೇ ಹೊರತು ಒಳಗಿನ ಕೆಲಸ ಎಷ್ಟು ಗಟ್ಟಿ ಅಂತ ಅಲ್ಲ. ವಾರಂಟಿ ಎಷ್ಟು ವರ್ಷ ನೋಡಿ. ಐದು ವರ್ಷ, ಅದಕ್ಕಿಂತ ಜಾಸ್ತಿ ಕೊಡುವ ಕಂಪನಿಗೆ ತನ್ನ ಮಾಲಿನ ಮೇಲೆ ನಂಬಿಕೆ ಇರುತ್ತದೆ. ಮೂರನೆಯ ಪ್ರಶ್ನೆ ನೆನಪಿದೆಯಲ್ಲ? ಕೆಟ್ಟರೆ ಪಕ್ಕದವನ್ನೂ ಕೆಡಿಸುವ ಭಾಗ ಹೆಚ್ಚಾಗಿ ಇದೇ.

ಕ್ಯಾಬಿನೆಟ್‌ಗೆ ಮುಂದೆ ಜಾಲರಿ ಇರಲಿ, ಪೂರ್ತಿ ಗಾಜು ಬೇಡ. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಕೂಲರ್ ಸದ್ಯಕ್ಕೆ ಪ್ರೊಸೆಸರ್ ಜೊತೆ ಬಂದದ್ದೇ ಸಾಕು, ಸದ್ದು ಜಾಸ್ತಿ ಅನಿಸಿದರೆ ಆಮೇಲೆ ಬದಲಾಯಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಪ್ರೊಸೆಸರ್ ಧಾರಾಳವಾಗಿ ಕೊಳ್ಳಬಹುದು, ಅದು ಸುಲಭಕ್ಕೆ ಕೆಡುವ ವಸ್ತು ಅಲ್ಲ. ಪಿನ್ ನೋಡಿ: ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ತಳದಲ್ಲಿ ಇರುತ್ತವೆ, ಇಂಟೆಲ್ ಮತ್ತು ಎಎಂ5ನಲ್ಲಿ ಮದರ್‌ಬೋರ್ಡ್‌ನ ಸಾಕೆಟ್‌ನಲ್ಲಿ. ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ನೋಡಿದರೆ ಬಾಗಿದ ಪಿನ್ ಬೇರೆ ಥರ ಹೊಳೆಯುತ್ತದೆ. ರ‍್ಯಾಮ್ ಕೂಡ ಪರವಾಗಿಲ್ಲ. ಎಸ್‌ಎಂಪಿಎಸ್ ಮಾತ್ರ ಬೇಡವೇ ಬೇಡ.

ಗ್ರಾಫಿಕ್ಸ್ ಕಾರ್ಡ್ ನಡುವೆ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇಥಿರಿಯಂ ಅನ್ನುವ ಕ್ರಿಪ್ಟೊ ನಾಣ್ಯ ತನ್ನ ವಿಧಾನ ಬದಲಾಯಿಸಿದ ಮೇಲೆ ಕಾರ್ಡ್‌ಗಳಲ್ಲಿ ಅದರ ಮೈನಿಂಗ್ (ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದು) ನಿಂತಿತು, ಹಗಲೂ ರಾತ್ರಿ ಓಡಿದ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವು ಅಂತ ಅಲ್ಲ. ಮೊದಲು ಸವೆಯುವುದು ಫ್ಯಾನ್ ಮತ್ತು ಥರ್ಮಲ್ ಪ್ಯಾಡ್ (ಚಿಪ್‌ನ ಬಿಸಿ ಹೊರಗೆ ಸಾಗಿಸುವ ಮೆತ್ತೆ). ಮಾರುವವರ ಮನೆಯಲ್ಲೇ ಒಂದು ಭಾರದ ಆಟ ಅರ್ಧ ಗಂಟೆ ಓಡಿಸಿ ನೋಡಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ, ಫ್ಯಾನ್ ಕರಕರ ಅಂದರೆ ಬೇಡ ಅಂದು ಎದ್ದು ಬನ್ನಿ. ಓಡಿಸಿ ತೋರಿಸಲು ಒಪ್ಪದವರ ಹತ್ತಿರ ಎಷ್ಟು ಅಗ್ಗ ಆದರೂ ಕೊಳ್ಳಬೇಡಿ.

ಆಫೀಸ್‌ಗಳಿಂದ ಹೊರಬಂದ ಹಳೆ ಪಿಸಿ ಕೊಂಡು ಕಾರ್ಡ್ ಹಾಕುವುದು ಇನ್ನೂ ಅಗ್ಗದ ದಾರಿ. ಆದರೆ ಇಂಟೆಲ್ 7ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯದು ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಕೇಳುವುದು 8ನೇ ತಲೆಮಾರಿನಿಂದ. ವ್ಯಾಲರಂಟ್ ಥರದ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಪಿಸಿಯಲ್ಲಿರುವ ಭದ್ರತಾ ಸೌಲಭ್ಯಗಳು) ಇಲ್ಲದೆ ತೆರೆಯುವುದೇ ಇಲ್ಲ. ಇಂಥ ಪಿಸಿಗಳ ಎಸ್‌ಎಂಪಿಎಸ್ ಸಣ್ಣದು, ಆಕಾರವೂ ಬೇರೆ, ಕಾರ್ಡ್‌ಗೆ ಕೊಡಲು ಕೇಬಲ್ ಇರಲ್ಲ. ಅಲ್ಲಿಗೆ 70 ವಾಟ್‌ನಲ್ಲಿ ಓಡುವ 3050 6 ಜಿಬಿ ಸರಿಹೊಂದುತ್ತದೆ, ಅದರ ಹೆಚ್ಚಿನ ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಬೇಡ. ಮೇಲೆ ಅದು ನಿಧಾನ ಅಂದೆ, ನಿಜ, ಆದರೆ ಈ ಒಂದು ಜಾಗಕ್ಕೆ ಅದೇ ಸರಿ.

ಹಾಗಾದರೆ ನಿಮಗೆ ಯಾವುದು

ಸ್ಪರ್ಧೆಯ ಆಟಗಳೇ ಹೆಚ್ಚು, ಬಜೆಟ್ ಬಿಗಿ ಅಂದರೆ 5600, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600, 16 ಜಿಬಿ, ಉಳಿದದ್ದು 144 ಹರ್ಟ್ಸ್ ಮಾನಿಟರ್‌ಗೆ. ಇಲ್ಲಿ ಕಾರ್ಡ್‌ಗಿಂತ ಮಾನಿಟರ್ ಜಾಸ್ತಿ ಖುಷಿ ಕೊಡುತ್ತದೆ. ದೊಡ್ಡ ಕಥೆಯ ಆಟಗಳು, 1080ಪಿ, 60 ಹರ್ಟ್ಸ್ ಅಂದರೆ 12400ಎಫ್ ಅಥವಾ 5600, ಜೊತೆಗೆ 4060 ಅಥವಾ 7600. ಮಾನಿಟರ್ ಈಗ ಇರುವುದೇ ಇರಲಿ. ಓದು, ಎಡಿಟಿಂಗ್, ಆಟ ಮೂರೂ ಒಂದೇ ಪಿಸಿಯಲ್ಲಿ ಅನ್ನುವವರಿಗೆ 3060 12 ಜಿಬಿ, ಮತ್ತು ಸಾಧ್ಯವಾದರೆ ರ‍್ಯಾಮ್ 32 ಜಿಬಿ. ವರ್ಷಕ್ಕೆ ಒಂದು ಭಾಗ ಬದಲಾಯಿಸುತ್ತಾ ಹೋಗುವವರಿಗೆ ಎಎಂ5, 7500ಎಫ್, ಒಳ್ಳೆಯ 650 ವಾಟ್ ಎಸ್‌ಎಂಪಿಎಸ್, ಸದ್ಯಕ್ಕೆ ಸಿಕ್ಕ ಸಾದಾ ಕಾರ್ಡ್.

ಜೋಡಿಸಿ ಆದ ಮೊದಲ ದಿನ ಮೂರು ವಿಷಯ ನೋಡಿ, ಇದನ್ನು ಬಿಟ್ಟು ತಿಂಗಳುಗಟ್ಟಲೆ ಅರ್ಧ ವೇಗದಲ್ಲಿ ಆಡಿದವರನ್ನು ನೋಡಿದ್ದೇನೆ. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೆ ಸಿಕ್ಕಿಸಿರಬೇಕು. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಬೇಕು, ಇಲ್ಲದಿದ್ದರೆ 3200ರ ರ‍್ಯಾಮ್ 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡವರ ಪಿಸಿಯಲ್ಲೂ ಅದು ಎಷ್ಟೋ ಸಲ 60ರಲ್ಲೇ ಕೂತಿರುತ್ತದೆ.